ದೊಡ್ಡಪ್ಪ ಪಾಪ ಆರಿಸಿದ್ದು

ನಮ್ಮ ದೊಡ್ಡಪ್ಪನ ತಲೆ ಕೆಡಿಸಿದವಳು ನಾನೇ ಎಂದು ನೀಲಗಿರಿಯ ನಮ್ಮ ಕೆತ್ತಿಯ ಕಡೆ ಇಂದಿಗೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೊದಲು ಅದು ಸರಿಯಿತ್ತೆಂದು ಯಾರಾದರೂ ಸಾಧಿಸಬೇಕಲ್ಲ?

ಮದ್ರಾಸಿನಲ್ಲಿ ಬಿ.ಎ. ಓದುತ್ತಿದ್ದ ನಾನು ರಜೆಗೆ ನಮ್ಮ ಹಟ್ಟಿಗೆ ಬಂದಿದ್ದೆ. ಪರೀಕ್ಷೆಗೆ ತರ್ಕಶಾಸ್ತ್ರ, ನೀತಿಶಾಸ್ತ್ರ ಎರಡೂ ಇದ್ದವು. ಜಗಲಿಯಲ್ಲಿ ಬಿತ್ತನೆಯ ಆಲೂಗಡ್ಡೆ ಆರಿಸುತ್ತಿದ್ದ ದೊಡ್ಡಪ್ಪ ಕೇಳಿದರು:

"ಅದೇನ ಪುಸ್ತಕ, ಕೂಸೆ?"

"ಸರಿಯಾಗಿ ಯೋಚಿಸೋದು ಹೇಗೆ ಅಂತ."

"ಮದ್ರಾಸಿಲಿ ಅದಕೂ ಪುಸ್ತಕ ಬೇಕಾ?"

ಮೊದಲ ಪಾಠ ಹೇಳಿದೆ. ಮನುಷ್ಯರೆಲ್ಲ ಸಾಯುವವರು, ನೀವು ಮನುಷ್ಯರು, ಆದ್ದರಿಂದ... ಹಿರಿಯರ ಎದುರು ಅದನ್ನು ಮುಗಿಸುವುದು ಹೇಗೆ?

"ಎಲ್ಲರೂ ಸತ್ತದ್ದ ನೀ ಕಂಡೆಯಾ? ನಾ ಇಲ್ಲೇ ಇದ್ದೇನಲ್ಲ."

ನಮ್ಮ ತರಗತಿಯಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಅಂದಿನಿಂದ ದೊಡ್ಡಪ್ಪ ಸಾಕ್ಷಿಯಿಲ್ಲದೆ ಯಾವ ಮಾತನ್ನೂ ನಂಬಲಿಲ್ಲ. ಮೋಡ ಕವಿದಿದೆ, ಸೌದೆ ಒಳಗಿಡಿ ಎಂದರು ದೊಡ್ಡಮ್ಮ. ಮೋಡ ಕವಿದಾಗಲೆಲ್ಲ ಮಳೆ ಬಂದಿದೆಯೇ ಎಂದು ಇವರು ವಿಚಾರಿಸಿದರು. ತರ್ಕ ಸರಿಯಿತ್ತು. ಸೌದೆ ನೆನೆಯಿತು.

ಇಷ್ಟಕ್ಕೇ ನಿಂತಿದ್ದರೆ ನಗಬಹುದಿತ್ತು. ಆದರೆ ಹಟ್ಟಿಯಲ್ಲಿ ಸಾವಾದಾಗ ಪಾಪ ಹೇಳುವವರು ದೊಡ್ಡಪ್ಪ. ಹೆಣದ ತಲೆಯ ಬಳಿ ನಿಂತು, ಮನುಷ್ಯರು ಮಾಡಬಹುದಾದ ಪಾಪಗಳನ್ನೆಲ್ಲ ಸತ್ತವರ ಹೆಸರಿನಲ್ಲಿ ಒಂದೊಂದಾಗಿ ಹೇಳಬೇಕು. ಸೇರಿದವರು ಒಂದೊಂದಕ್ಕೂ "ಅದು ಪಾಪ" ಎನ್ನಬೇಕು. ಹಾಗೆ ಹೇಳಿದರೆ ಪಾಪ ಕಳೆದು ಜೀವ ದಾಟಿಹೋಗುತ್ತದೆ. ಆ ಪಟ್ಟಿ ಪೂರ್ತಿ ಬಾಯಿಗೆ ಬರುತ್ತಿದ್ದುದು ಇವರೊಬ್ಬರಿಗೇ.

ಆ ತಿಂಗಳು ಪಕ್ಕದ ಮನೆಯ ಅಜ್ಜ ತೀರಿಕೊಂಡರು. ಮಾಡದ ಪಾಪವನ್ನು ಮಾಡಿದರೆನ್ನುವುದು ಸುಳ್ಳು, ಸುಳ್ಳು ನೀತಿಯಲ್ಲ ಎಂದು ತೀರ್ಮಾನಿಸಿದ ದೊಡ್ಡಪ್ಪ ಪಟ್ಟಿಯಿಂದ ಆರಿಸತೊಡಗಿದರು. ಅಜ್ಜ ಹಾವು ಕಂಡರೆ ಓಡುತ್ತಿದ್ದವರು. ಹಾವು ಕೊಂದದ್ದನ್ನು ಬಿಟ್ಟರು. ಹಲ್ಲಿ ಬಿಟ್ಟರು, ಕಪ್ಪೆ ಬಿಟ್ಟರು. ನೇರವಾಗಿ "ನೆರೆಯವನ ಗಡಿಕಲ್ಲ ಸರಿಸಿದ" ಎಂದರು.

ಯಾರೂ "ಅದು ಪಾಪ" ಎನ್ನಲಿಲ್ಲ. ಅಜ್ಜನ ಪಕ್ಕದ ಹೊಲದವನು ಮಾತ್ರ ಹಿಂದಿನಿಂದ "ಅದು ನಿಜ" ಎಂದ.

"ನೀ ಪಾಪ ಕಳೆಯಕ ಬಂದೆಯಾ, ಪಂಚಾಯ್ತಿ ಮಾಡಕ ಬಂದೆಯಾ?" ಎಂದು ಸತ್ತವರ ಮಗ ಎದ್ದ. ಅಜ್ಜನ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾನು ನೆಲ ನೋಡುತ್ತಿದ್ದೆ.

ನಮ್ಮ ಮನೆಯಲ್ಲಿ ಅಜ್ಜಿ, ದೊಡ್ಡಪ್ಪನ ತಾಯಿ, ಹಾಸಿಗೆ ಹಿಡಿದಿದ್ದರು. ನಡೆದದ್ದನ್ನು ಕೇಳಿದ ಮೇಲೆ ಎರಡು ದಿನ ಗಂಜಿ ಮುಟ್ಟಲಿಲ್ಲ. ಮೂರನೆಯ ದಿನ ಮಗನನ್ನು ಕರೆದರು.

"ಎನಗ ಹೇಳುವಾಗ ಒಂದನ್ನೂ ಬಿಡಬೇಡ, ಮಗಾ."

"ನೀ ಮಾಡದ್ದ ನಾ ಯಾಕ ಹೇಳಲಿ, ಅವ್ವೆ?"

"ಮಾಡಿದ್ದು ಒಂದು ಉಂಟು. ಮಾಡದ್ದರ ನಡುವೆ ಅದು ಅಡಗಿರಲಿ."

ಅಜ್ಜಿ ನನ್ನ ಕಡೆ ನೋಡಿ, "ಕೂಸೆ, ನೀ ಹೊರಗ ಹೋಗು" ಎಂದರು. ಹೋದೆ. ಒಳಗೆ ಬಹಳ ಹೊತ್ತು ಮಾತು ನಡೆಯಿತು.

ನನ್ನ ರಜೆ ಮುಗಿಯುವ ಮೊದಲೇ ಅಜ್ಜಿ ತೀರಿಕೊಂಡರು. ದೊಡ್ಡಪ್ಪ ತಲೆಯ ಬಳಿ ನಿಂತು ಮೊದಲಿನಿಂದ ಆರಂಭಿಸಿದರು. ಹಾವು, ಹಲ್ಲಿ, ಕಪ್ಪೆ, ಗಡಿಕಲ್ಲು, ತಿರುಗಿಸಿದ ನೀರು, ಬೈಸಿಕೊಂಡ ಅತ್ತಿಗೆ, ಅನ್ನವಿಲ್ಲದೆ ಕಳಿಸಿದ ನೆಂಟರು: ಒಂದನ್ನೂ ಬಿಡಲಿಲ್ಲ. ಅಜ್ಜಿ ಮಾಡಿದ್ದು ಯಾವುದೆಂದು ತಿಳಿಯಲು, ದೊಡ್ಡಪ್ಪನ ದನಿ ಎಲ್ಲಿ ನಡುಗುವುದೋ ಎಂದು ನಾನು ಕಿವಿಗೊಟ್ಟು ಕೇಳಿದೆ.

ಎಲ್ಲದಕ್ಕೂ ನಡುಗಿತು.