ಎಂಜಿನ್ನಿಗೆ ವಿಭೂತಿ ಬಳಿದದ್ದು

ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕುವಾಗ ನನಗೆ ಬರುವಷ್ಟು ಧೈರ್ಯ ಗೊತ್ತಿರುವ ಕೆಲಸದಲ್ಲಿ ಎಂದೂ ಬಂದಿಲ್ಲ. ಇಲ್ಲದಿದ್ದರೆ ಇಷ್ಟು ವರ್ಷ ಶಾಲೆಯಲ್ಲಿ ಚರಿತ್ರೆ ಪಾಠ ಹೇಳಿದವನು ಕಾರಿನ ಬಾನೆಟ್ ಎತ್ತಿ ಒಳಗೆ ತಲೆ ತೂರಿಸುತ್ತಿರಲಿಲ್ಲ. ಕಾರು ಹಳೆಯದು. ಮದುವೆಯಾದ ವಾರ ಶಾಂತಾಳನ್ನು ಕುರುಗೋಡಿನ ತವರಿನಿಂದ ಕಂಟೋನ್ಮೆಂಟಿನ ನಮ್ಮ ಮನೆಗೆ ಕರೆತಂದದ್ದು ಅದರಲ್ಲೇ. ಹಾಗಾಗಿ ಅದರ ಮೇಲೆ ನನಗೆ ಸ್ವಲ್ಪ ಮಮಕಾರ ಜಾಸ್ತಿ. ಈಚೆಗೆ ಅದು ಎಂಜಿನ್ ಎಣ್ಣೆ ಸೋರತೊಡಗಿ, ಅಂಗಳಕ್ಕೆ ಹೊಸದಾಗಿ ಹಾಸಿದ ಕಲ್ಲಿನ ಮೇಲೆ ದಿನಕ್ಕೊಂದು ಕರಿ ಮಚ್ಚೆ ಬೀಳುತ್ತಿತ್ತು. ತಿಕ್ಕಿ ತಿಕ್ಕಿ ಸಾಕಾದ ಶಾಂತಾ ಸಿರುಗುಪ್ಪದ ಹಳೆ ಕಾರಿನ ವ್ಯಾಪಾರಿಯೊಬ್ಬನನ್ನು ಭಾನುವಾರಕ್ಕೆ ಬರಹೇಳಿಬಿಟ್ಟಳು. “ಅಷ್ಟರಾಗ ಸೋರೋದು ನಿಂತ್ರ ಇಟ್ಗಳ್ರಿ. ಇಲ್ಲಾಂದ್ರ ಅವ್ರು ಒಯ್ತಾರ.”

ಶನಿವಾರ ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಎಂಜಿನ್ ತೊಳೆದು ಒರೆಸಿ, ಬಿಳಿ ಪೌಡರ್ ಉದುರಿಸಿ, ಚಾಲೂ ಮಾಡಬೇಕಂತೆ. ಪೌಡರ್ ಎಲ್ಲಿ ಒದ್ದೆಯಾಗುತ್ತದೋ ಅಲ್ಲೇ ಸೋರಿಕೆ. ಮನೆಯ ಪೌಡರ್ ಡಬ್ಬಿ ಬಡಿದರೂ ಉದುರಲಿಲ್ಲ. ದೇವರ ಕೋಣೆಯಲ್ಲಿ ವಿಭೂತಿ ಗಟ್ಟಿಗಳಿದ್ದವು. ಅದೂ ಬಿಳಿ, ಅದೂ ನುಣುಪು. ಎರಡು ಗಟ್ಟಿ ಕುಟ್ಟಿ, ಎಂಜಿನ್ನಿನ ಮೈತುಂಬ ಬಳಿದೆ. ಅಷ್ಟು ಹೊತ್ತಿಗೆ, ಎರಡು ದಿನದ ಹಿಂದೆ ಕುರುಗೋಡಿನಿಂದ ಬಂದಿದ್ದ ನಮ್ಮ ಅತ್ತೆ ಹೊರಗೆ ಬಂದವರು ಗರಬಡಿದಂತೆ ನಿಂತುಬಿಟ್ಟರು. ನಮ್ಮ ಮಂದಿಯಲ್ಲಿ ಹೀಗೆ ಮೈತುಂಬ ವಿಭೂತಿ ಬಳಿದು ಕೂರಿಸುವುದು ಉಸಿರು ನಿಂತವರನ್ನು. ಅತ್ತೆ ತಲೆಯ ಮೇಲೆ ಸೆರಗು ಹೊದ್ದು, “ಅಯ್ಯೋ ಶಿವನೇ! ನಿನ್ನಿ ಚೊಲೋ ಇತ್ತಲ್ಲಪ್ಪಾ, ಯಾವಾಗ ಹೋತು?” ಎಂದರು.

“ಹೋಗಿಲ್ಲತ್ತಿ, ಸೋರಾಕತ್ತೈತಿ” ಎಂದು ಎಂಜಿನ್ ಚಾಲೂ ಮಾಡಿದೆ. ಎಣ್ಣೆ ಸುರಿಯುವ ಬಾಯಿಯ ಮುಚ್ಚಳದ ಸುತ್ತ ವಿಭೂತಿ ಕಪ್ಪಾಗಿ, ಅಲ್ಲಿಂದ ಕೆಳಗೆ ನಾಲ್ಕು ಕಡೆ ಧಾರೆ ಇಳಿಯಿತು. ಗದ್ದಲಕ್ಕೆ ಬಂದ ಶಾಂತಾ ಎಂಜಿನ್ ಬಂದ್ ಮಾಡಿಸಿ, “ಎಣ್ಣಿ ಎಷ್ಟ್ ಹಾಕೀರಿ?” ಎಂದು ಕೇಳಿದಳು.

“ಸೋರ್ತೈತಲ್ಲ, ಅದಕ್ಕ ವಾರಕ್ಕೊಮ್ಮೆ ಹಾಕ್ತೀನಿ.”

“ಅಳತಿ ನೋಡ್ತೀರೇನು?”

ನಾನು ಕಾಂಪೌಂಡಿನ ಬೇವಿನ ಗಿಡ ನೋಡಿದೆ. ಅವಳು ಅಳತೆಕಡ್ಡಿ ಎಳೆದು, ನನ್ನ ಹೆಗಲ ಟವೆಲಿಗೇ ಒರೆಸಿ, ಮತ್ತೆ ಅದ್ದಿ ತೆಗೆದಳು. ಎಣ್ಣೆ ಮೇಲಿನ ಗೆರೆಯನ್ನು ದಾಟಿ ನಾಲ್ಕು ಬೆರಳು ಏರಿತ್ತು! “ಚೆರಗಿ ತುಂಬಿದ ಮ್ಯಾಲೂ ಹೊಯ್ಕಂತ ಕುಂತ್ರ ಚೆಲ್ಲದ ಇರ್ತೈತೇನ್ರಿ?” ಮುಚ್ಚಳದೊಳಗಿನ ರಬ್ಬರ್ ಬಳೆ ಸವೆದು ಜಿನುಗುತ್ತಿದ್ದ ಎರಡು ಹನಿಯನ್ನು ಕಾಲುವೆ ಮಾಡಿದ ಭಗೀರಥ ನಾನೇ! ಹೆಚ್ಚಿನ ಎಣ್ಣೆಯನ್ನು ಕೆಳಗಿನಿಂದ ಇಳಿಸಿ, ಹೊಸ ಬಳೆ ತಂದು ಕೂರಿಸಿದೆ. ಭಾನುವಾರ ಬೆಳಿಗ್ಗೆ ಕಲ್ಲು ಒಣಗಿತ್ತು.

ವ್ಯಾಪಾರಿ ಬಂದ. ಬಗ್ಗಿ ನೋಡಿದ, ಎಂಜಿನ್ನಿಗೆ ಕಿವಿಗೊಟ್ಟ. “ಗುಜರಿ ಅಂತ ತಿಳ್ದು ಬಂದ್ರ, ಎಂಜಿನ್ ಗಟ್ಟಿ ಐತಲ್ರಿ! ಈಗ್ಲೇ ಒಯ್ತೀನಿ” ಎಂದು ಕೀಲಿಗೆ ಕೈ ಚಾಚಿದ. ಉಳಿಸಿಕೊಳ್ಳಲೆಂದು ರಿಪೇರಿ ಮಾಡಿ, ಕೊಳ್ಳುವವನ ಕಣ್ಣಿಗೆ ಬೀಳುವಂತೆ ಮಾಡಿದ್ದೆ.

ಶಾಂತಾ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಗಾಡಿ ಕೊಡಂಗಿಲ್ರಿ. ತಪ್ಪು ಗಾಡೀದಲ್ಲಂತ ಗೊತ್ತಾತು. ಬೇಕಂದ್ರ ಇವ್ರನ್ನ ಒಯ್ರಿ.”

ಕಾರನ್ನು ನೋಡಿದಷ್ಟೇ ಶ್ರದ್ಧೆಯಿಂದ ಅವನು ನನ್ನನ್ನೂ ತಲೆಯಿಂದ ಪಾದದವರೆಗೆ ನೋಡಿದ.

“ಬ್ಯಾಡ ಬಿಡ್ರಿ ಅಕ್ಕಾರ. ಈ ಮಾಡೆಲ್ಲಿಗೆ ಸಿರುಗುಪ್ಪದಾಗ ಗಿರಾಕಿ ಸಿಗಂಗಿಲ್ಲ.”

ಚೌಕಾಸಿಗಾದರೂ ಅವನು ನನ್ನ ಬೆಲೆ ಕೇಳಲಿಲ್ಲ.