ಪಾಸ್ಕಲನ ನಿಯಮ ಮತ್ತು ನಮ್ಮತ್ತೆಯ ಬಲಗಾಲು

ಇಪ್ಪತ್ತೆರಡು ವರ್ಷಗಳಿಂದ ನಾನು ನರೋಣಾದ ಮಕ್ಕಳಿಗೆ ಪಾಸ್ಕಲನ ನಿಯಮ ಕಲಿಸುತ್ತ ಬಂದಿದ್ದೇನೆ. ಮುಚ್ಚಿದ ಕೊಳವೆಯೊಳಗಿನ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಉದಾಹರಣೆಗೆ, ಲಾರಿಯ ಬ್ರೇಕು. ಇಷ್ಟು ಹೇಳಿ ಹಲಗೆಯ ಮೇಲೆ ಒಂದು ಲಾರಿ ಬರೆದರೆ ಇಡೀ ವರ್ಗ ಗಪ್‌ಚಿಪ್. ಮನೆಯಲ್ಲಿ ಮಾತ್ರ ಈ ಧಮ್ಮಪಾಲ ಮಾಸ್ತರನ ವಿದ್ವತ್ತಿಗೆ ಕವಡೆಯ ಕಿಮ್ಮತ್ತಿಲ್ಲ. ಬಲ್ಬು ಬದಲಿಸಲು ಸ್ಟೂಲು ಹತ್ತಿದರೂ ನನ್ನ ಹೆಂಡತಿ ಯಶೋಧರಾ ಮೊದಲು ಸ್ಟೂಲು ಹಿಡಿಯುವುದಿಲ್ಲ, ಬಲ್ಬು ಹಿಡಿಯುತ್ತಾಳೆ.

ಈ ಅಪಮಾನವನ್ನು ಒಂದೇ ಏಟಿಗೆ ತೊಳೆದುಕೊಳ್ಳುವ ಸುವರ್ಣಾವಕಾಶ ಹೋದ ಬೇಸಿಗೆ ರಜೆಯಲ್ಲಿ ಬಂತು. ಅದು ನಮ್ಮ ಅಂಗಳದ ಬೇವಿನ ಗಿಡದ ಕೆಳಗೇ ನಿಂತಿತ್ತು.

ಅದೊಂದು ಲಾರಿ. ಈಗಿನವುಗಳ ಹಾಗೆ ಚಪ್ಪಟೆ ಮುಖದ್ದಲ್ಲ, ಉದ್ದ ಮೂಗಿನದು. ವಯಸ್ಸಿನಲ್ಲಿ ನನಗಿಂತ ಹಿರಿದು. ನನ್ನ ಮಾವ ಹುಲೆಪ್ಪನವರು ಜೀವಮಾನವಿಡೀ ಇದರಲ್ಲೇ ಹವಳಗಾಕ್ಕೆ ಕಬ್ಬು, ಆಳಂದಕ್ಕೆ ತೊಗರಿ ಸಾಗಿಸಿದರು. (ಕಾಗದಪತ್ರ ಎಲ್ಲ ಪಕ್ಕಾ. ರೇಷನ್ ಕಾರ್ಡು ಕಳೆದಿದ್ದರು, ಇದರ ಒಂದು ಚೀಟಿ ಕಳೆದಿರಲಿಲ್ಲ.) ಮೂರು ವರ್ಷದ ಹಿಂದೆ ಮಾವ ತೀರಿಕೊಂಡಾಗ ಅತ್ತೆಯನ್ನು ನಮ್ಮ ಮನೆಗೆ ಕರೆತಂದೆವು. ಲಾರಿ ಬರದಿದ್ದರೆ ತಾನೂ ಬರುವುದಿಲ್ಲ ಎಂದರು ಅತ್ತೆ. ಅದನ್ನೂ ಟ್ರ್ಯಾಕ್ಟರಿಗೆ ಕಟ್ಟಿ ಎಳೆತಂದೆವು. ಅಂದಿನಿಂದ ಲಾರಿ ಬೇವಿನ ನೆರಳು ಬಿಟ್ಟಿಲ್ಲ, ಸಾಬವ್ವತ್ತೆ ಹೊಸ್ತಿಲು ದಾಟಿಲ್ಲ. ಮಾತೂ ಕಡಿಮೆಯಾಗಿತ್ತು.

ಹಾಗಿರುವಾಗ ನೆಲೋಗಿಯಿಂದ ಅವರ ತಂಗಿಯ ಫೋನು. ಹೊಸ ಮನೆ ಕಟ್ಟಿಸಿದ್ದಾರೆ, ಬುದ್ಧ ಪೂರ್ಣಿಮೆಯ ದಿನ ಪ್ರವೇಶ, ಅಕ್ಕ ಬರಲೇಬೇಕು. ಯಶೋಧರಾ ಹೆದರುತ್ತಲೇ ಕೇಳಿದಳು.

"ಹೋಗೂಣೇನವ್ವ?"

"ಹೋಗೂಣು. ಆದ್ರ ಬಸ್ಸಿನಾಗ ಅಲ್ಲ, ಕಾರಿನಾಗೂ ಅಲ್ಲ. ಮದುವ್ಯಾಗಿ ನೆಲೋಗಿ ಬಿಟ್ಟಿದ್ದು ಈ ಲಾರ್ಯಾಗ. ತಂಗಿ ಬಾಗಿಲಿಗೆ ಈ ಲಾರ್ಯಾಗೇ ಹೋಗಿ ಇಳೀತೇನಿ. ಇಲ್ಲಂದ್ರ ಇಲ್ಲೇ ಕುಂಡ್ರತೇನಿ."

ಮೂರು ವರ್ಷದಲ್ಲಿ ಅವರಾಡಿದ ಅತಿ ಉದ್ದದ ಮಾತು ಇದು. ಒಳಕ್ಕೆ ಹೋಗಿ ಯಶೋಧರಾ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ನೋಡಿದ ಮೇಲೆ ಗಂಡನಾದವನು ಸುಮ್ಮನಿರುವುದುಂಟೇ?

ಮಾವನ ಹಳೆಯ ದೋಸ್ತ, ಆಳಂದದ ದಾವಲಸಾಬ ಮಿಸ್ತ್ರಿ ಬಂದು ಒಂದೇ ದಿನದಲ್ಲಿ ಇಂಜಿನ್ನು ಎಬ್ಬಿಸಿದ. ಬ್ರೇಕು ಮಾತ್ರ ಸತ್ತಿತ್ತು. ತುಳಿದರೆ ಪೆಡಲ್ ಸೀದಾ ನೆಲ ಮುಟ್ಟುತ್ತಿತ್ತು. "ಶುಕ್ರವಾರ ನಮಾಜ್ ಮುಗಿಸಿ ಬಂದು ಬ್ರೇಕ್ ನೋಡ್ತೇನಿ ಸರ್, ಅಲ್ಲೀತನ ಕೈ ಹಚ್ಚಬ್ಯಾಡ್ರಿ," ಎಂದು ಹೇಳಿ ಹೋದ.

ಕೈ ಹಚ್ಚಬಾರದಂತೆ! ಪಾಸ್ಕಲನನ್ನು ಇಪ್ಪತ್ತೆರಡು ಸಲ ಕಲಿಸಿದ ಕೈ!

ಭಾನುವಾರ ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿ ಬಾನೆಟ್ ತೆರೆದೆ. ಬ್ರೇಕ್ ಎಣ್ಣೆಯ ಡಬ್ಬಿ ತಳ ಕಂಡಿತ್ತು. ಕೊಳವೆಯ ಒಂದು ಕೂಡಿಕೆ ಸಡಿಲವಾಗಿ ಸೋರಿದ ಗುರುತಿತ್ತು, ಬಿಗಿ ಮಾಡಿದೆ. ಇನ್ನು ಎಣ್ಣೆ ತುಂಬಬೇಕು, ಅಂಗಡಿ ಬಂದ್. ಆಗ ನನಗೊಂದು ಮಹಾಜ್ಞಾನ ಉದಯವಾಯಿತು. ಪಾಸ್ಕಲನು 'ದ್ರವ' ಎಂದಷ್ಟೇ ಹೇಳಿದ್ದಾನೆ. ಇಂಥದೇ ದ್ರವ ಎಂದು ಎಲ್ಲಿ ಹೇಳಿದ್ದಾನೆ? ಅಡುಗೆಮನೆಯಲ್ಲಿ ಗಾಣದಿಂದ ತಂದ ಕುಸುಬಿ ಎಣ್ಣೆಯ ಡಬ್ಬಿ ತುಂಬಿ ತುಳುಕುತ್ತಿತ್ತು.

ಸುರಿದೆ. ಇಪ್ಪತ್ತು ಸಲ ತುಳಿದೆ. ಪೆಡಲ್ ಗಟ್ಟಿಯಾಯಿತು! ಲಾರಿಯನ್ನು ಅಂಗಳದಲ್ಲೇ ನಾಲ್ಕು ಮಾರು ಓಡಿಸಿ ಗಕ್ಕನೆ ನಿಲ್ಲಿಸಿದೆ. ಕಿಟಕಿಯಿಂದ ನೋಡುತ್ತಿದ್ದ ಅತ್ತೆಯ ಮುಖ ಅರಳಿತು. ಯಶೋಧರಾ ಅಂದು ನಾನು ಕೇಳದೆಯೇ ಎರಡನೆಯ ಸಲ ಚಹಾ ಕೊಟ್ಟಳು. ಆ ಚಹಾದ ರುಚಿ ಇನ್ನೂ ನಾಲಿಗೆಯ ಮೇಲಿದೆ, ಏಕೆಂದರೆ ಅದೇ ಕೊನೆ.

ಗುರುವಾರ ಇಂಜಿನ್ ಹಚ್ಚಿ ಗೇರು ಹಾಕಿದರೆ ಲಾರಿ ಗುರುಗುಟ್ಟಿತು, ನಡುಗಿತು, ಒಂದು ಗೇಣೂ ಸರಿಯಲಿಲ್ಲ. ಬ್ರೇಕು ಹಿಡಿಯುವುದಿಲ್ಲ ಎಂಬ ದೂರು ಹೋಗಿ, ಬ್ರೇಕು ಬಿಡುವುದಿಲ್ಲ ಎಂಬ ದೂರು ಬಂತು. ಪೂರ್ಣಿಮೆಗೆ ಮೂರೇ ದಿನ. ಅತ್ತೆ ಕಿಟಕಿ ಮುಚ್ಚಿಕೊಂಡರು.

ಶುಕ್ರವಾರ ದಾವಲಸಾಬ ಬಂದ. ಪೆಡಲಿನ ಕೆಳಗಿನ ಸಿಲಿಂಡರ್ ಬಿಚ್ಚಿ, ಒಳಗಿನ ರಬ್ಬರ್ ವಾಷರ್ ಹೊರತೆಗೆದು ಅಂಗೈ ಮೇಲಿಟ್ಟು ತೋರಿಸಿದ. ಅದು ಪೂರಿಯಂತೆ ಉಬ್ಬಿತ್ತು. ಬೆರಳು ಮೂಸಿದ. ಇನ್ನೊಮ್ಮೆ ಮೂಸಿದ.

"ಸರ್, ಖರೆ ಹೇಳ್ರಿ. ಇದರಾಗ ಭಜಿ ಕರಿಯಾವ್ರಿದ್ರೇನು?"

"ಅಯ್ಯ!" ಯಶೋಧರಾ ಹಣೆ ಬಡಿದುಕೊಂಡಳು. "ಭಾನುವಾರದಿಂದ ಕುಸುಬಿ ಎಣ್ಣಿ ಹುಡುಕಾಕತ್ತೇನಿ! ಬೆಕ್ಕಿಗಿ ಬೈದೆ, ಬಾಜೂ ಮನಿ ನಸ್ರೀನಗ ಕೇಳ್ದೆ…"

"ಪಾಸ್ಕಲ್ ಯಾವ ದ್ರವ ಅಂತ ಹೇಳಿಲ್ಲ ಬೇ," ಎಂದೆ ಕ್ಷೀಣವಾಗಿ.

"ಆ ಪಾಸ್ಕಲ್ಲಗ ಮನ್ಯಾಗ ಹೇಣ್ತಿ ಇದ್ದಿದ್ದಿಲ್ಲ ಅಂತ ಕಾಣ್ತದ್ರಿ. ಇದ್ದಿದ್ರ ಬರಾಬರಿ ಹೇಳಿಸ್ತಿದ್ಳು," ಎಂದಳು ಯಶೋಧರಾ.

ಅಡುಗೆ ಎಣ್ಣೆಗೆ ಈ ರಬ್ಬರ್ ಉಬ್ಬುತ್ತದೆ, ಉಬ್ಬಿ ಎಣ್ಣೆ ಹಿಂದಿರುಗುವ ದಾರಿಯನ್ನೇ ಮುಚ್ಚುತ್ತದೆ, ಆಗ ಚಕ್ರ ಹಿಡಿದೇ ಇರುತ್ತದೆ ಎಂದು ದಾವಲಸಾಬ ನನಗೆ ಪಾಠ ಹೇಳಿದ. (ನಾನು ಗಪ್‌ಚಿಪ್ ಕೇಳಿದೆ.) ಮರುದಿನ ಹೊತ್ತು ಏರುವುದರೊಳಗೆ ಕೊಳವೆಗಳನ್ನೆಲ್ಲ ತೊಳೆದು, ಸಿಲಿಂಡರಿಗೂ ನಾಲ್ಕೂ ಚಕ್ರದ ಬ್ರೇಕಿಗೂ ಹೊಸ ರಬ್ಬರ್ ವಾಷರ್ ಹಾಕಿ, ಸರಿಯಾದ ಎಣ್ಣೆ ತುಂಬಿದ. ಉಳಿದದ್ದು ಗಾಳಿ ತೆಗೆಯುವ ಕೆಲಸ. ಇದಕ್ಕೆ ಇಬ್ಬರು ಬೇಕು. ಮೇಲಿನವರು ಪೆಡಲ್ ತುಳಿದು ಹಿಡಿಯಬೇಕು. ಕೆಳಗಿನವರು ಚಕ್ರದ ಬಳಿಯ ಸಣ್ಣ ನಟ್ಟು ಸಡಿಲಿಸಿ, ಗಾಳಿಗುಳ್ಳೆ ಹೊರಬಿಟ್ಟು, ಮತ್ತೆ ಬಿಗಿಯಬೇಕು. ಬಿಗಿಯುವ ಮೊದಲೇ ಕಾಲು ತೆಗೆದರೆ ಹೋದ ಗಾಳಿ ವಾಪಸು.

ನಾನು ಮೇಲೆ, ದಾವಲಸಾಬ ಕೆಳಗೆ.

"ತುಳೀರಿ ಸರ್… ಹಿಡೀರಿ… ಬಿಡಬ್ಯಾಡ್ರಿ! ಬಿಟ್ರೇನು?"

"ಬಿಡು ಅಂದಂಗಾತಲ್ಲ?"

"ಬಿಡಬ್ಯಾಡ ಅಂದೆ ಸರ್! ಅರ್ಧಾ ಕೇಳಿ ಕಾಲ ತೆಗೀತೀರಿ!"

"ಸರಕೋರಿ ಈಚಿ," ಎಂದು ಯಶೋಧರಾ ಏರಿದಳು. ಅವಳು ತುಳಿದರೆ ನಾನು ಪಕ್ಕದಿಂದ ಸಿದ್ಧಾಂತ ಹೇಳುವೆ, ನನಗೆ ಉತ್ತರ ಕೊಡಲು ತಿರುಗಿದರೆ ಅವಳ ಕಾಲು ಜಾರುವುದು. ಹತ್ತೂವರೆಗೆ ಶುರುವಾದ ಗಾಳಿ ಮಧ್ಯಾಹ್ನವಾದರೂ ಮುಗಿಯಲಿಲ್ಲ. "ಗಂಡ ಹೇಣ್ತಿ ಕೂಡಿ ಲಾರ್ಯಾಗ ಗಾಳಿ ತುಂಬಾಕತ್ತೀರೋ ತೆಗಿಯಾಕತ್ತೀರೋ!" ಎಂದ ದಾವಲಸಾಬ ಕೆಳಗಿನಿಂದ.

ಆಗ ಬಾಗಿಲು ಕಿರುಗುಟ್ಟಿತು. ಸಾಬವ್ವತ್ತೆ ಹೊಸ್ತಿಲು ದಾಟಿ, ಸೆರಗು ಸೊಂಟಕ್ಕೆ ಸಿಗಿಸಿಕೊಳ್ಳುತ್ತ ಬರುತ್ತಿದ್ದರು. ಲಾರಿಯ ಹತ್ತಿರ ಬಂದು ಚಪ್ಪಲಿ ಬಿಟ್ಟರು.

"ಇಳೀರಿ ಇಬ್ರೂ."

ನಾವಿಬ್ಬರೂ ರೆಟ್ಟೆ ಹಿಡಿದು ಹತ್ತಿಸಿದೆವು. ಅತ್ತೆ ಕೂತು, ಬರಿಗಾಲನ್ನು ಪೆಡಲಿನ ಮೇಲಿಟ್ಟರು. ಕೆಳಗಿದ್ದ ದಾವಲಸಾಬ ಆ ಕಾಲನ್ನು ಕಂಡನೋ ಏನೋ, ಬಾಯಿ ತೆರೆಯಲೇ ಇಲ್ಲ. ನಟ್ಟು ತಿರುಗಿಸುವ ಪಾನಾದಿಂದ ಕಬ್ಬಿಣಕ್ಕೆ ಒಮ್ಮೆ ಬಡಿದ. ಟಣ್. ಅತ್ತೆ ತುಳಿದು ಹಿಡಿದರು. ಗುಳ್ಳೆ ಬಂತು, ನಟ್ಟು ಬಿಗಿಯಿತು. ಟಣ್ ಟಣ್. ಅತ್ತೆ ಮೆಲ್ಲಗೆ ಬಿಟ್ಟರು. ಟಣ್. ತುಳಿದರು.

ನಮಗೆ ಉಸಿರಾಡಲೂ ಸಂಕೋಚ.

"ನಿಮ್ಮ ಮಾವ ಹಿರೇರ ಮುಂದ ನನ್ನ ಹೆಸರ ಹಿಡದು ಕರೀತಿದ್ದಿಲ್ರಿ ಮಾಸ್ತರ್ರ," ಎಂದರು ಅತ್ತೆ, ಕಣ್ಣು ಮುಂದಿನ ಗಾಜಿನ ಮೇಲೇ ಇಟ್ಟು. "ಕೆಳಗಿಂದ ಪಾನಾ ಬಡೀತಿದ್ರು. ನಲವತ್ತು ವರ್ಷ. ಬ್ಯಾರೇದವ್ರ ಕಾಲಿನ ಮ್ಯಾಲ ಅವ್ರಿಗಿ ಭರೋಸಾ ಇದ್ದಿದ್ದಿಲ್ಲ."

ಮೂರನೆಯ ಚಕ್ರ ಮುಗಿಯುವಾಗ ಅವರೇ ಹೇಳಿದರು: "ದಾವಲ, ಹಿಂದಿನ ಎಡಕ್ಕ ಇನ್ನಾ ಒಂದ ಗುಳ್ಳಿ ಅದ ನೋಡು."

"ಹೌದ್ರಿ ಭಾಬಿ," ಎಂದ ದಾವಲಸಾಬ. ಅವನ ದನಿ ಒದ್ದೆಯಾಗಿತ್ತು. (ಬ್ರೇಕ್ ಎಣ್ಣೆ ಬಾಯಿಗೆ ಬಿತ್ತು ಎಂದು ಆಮೇಲೆ ಸಬೂಬು ಹೇಳಿದ.)

ಪೂರ್ಣಿಮೆಯ ಬೆಳಿಗ್ಗೆ ಹೊರಟೆವು. ದಾವಲಸಾಬ ಸ್ಟೇರಿಂಗಿಗೆ, ಬಿಳಿ ಸೀರೆಯುಟ್ಟ ಅತ್ತೆ ಪಕ್ಕಕ್ಕೆ, ಯಶೋಧರಾ ಕಿಟಕಿಗೆ. ನಾನು? ತಂಗಿಗೆ ಕೊಡಲು ಒಂದು ಕಬ್ಬಿಣದ ಕಪಾಟು ಇತ್ತಲ್ಲ, ಅದನ್ನು ಹಿಡಿದುಕೊಂಡು ಹಿಂದೆ. ಕಲಬುರಗಿ, ಜೇವರ್ಗಿ ದಾಟಿ ನೆಲೋಗಿಯವರೆಗೆ ಎಲ್ಲಿ ಎಮ್ಮೆ ಅಡ್ಡ ಬಂದರೂ ಬ್ರೇಕು ಎಷ್ಟು ಚೆನ್ನಾಗಿ ಹಿಡಿಯುತ್ತದೆಂದು ಕಪಾಟು ನನ್ನ ಎದೆಗೇ ಬಂದು ವರದಿ ಒಪ್ಪಿಸುತ್ತಿತ್ತು.

ತಂಗಿಯ ಹೊಸ ಬಾಗಿಲ ಎದುರಿಗೆ ಲಾರಿ ಹೂವಿನಂತೆ ನಿಂತಿತು. ಅಕ್ಕತಂಗಿ ಅಪ್ಪಿಕೊಂಡು ಅತ್ತರು, ನಕ್ಕರು, ಮತ್ತೆ ಅತ್ತರು. ಓಣಿಯ ಮಂದಿಯೆಲ್ಲ ಲಾರಿ ಮುಟ್ಟಿ ನೋಡಿದ್ದೇ ನೋಡಿದ್ದು.

"ಇಂಥಾ ಹಳೀ ಗಾಡಿ ಯಾರ ರಿಪೇರಿ ಮಾಡ್ಯಾರ ಅಕ್ಕ?" ಎಂದು ಕೇಳಿದರು ತಂಗಿಯ ಗಂಡ.

ನಾನು ಕಪಾಟಿನ ಮರೆಗೆ ಸರಿದೆ. ಅತ್ತೆ ನನ್ನತ್ತ ಒಮ್ಮೆ ನೋಡಿದರು.

"ಮತ್ಯಾರು? ನಮ್ಮ ಅಳಿಯ. ರಜಾದಾಗ ದಿನಾ ಲಾರಿ ಕೆಳಗ ಬಿದ್ದಿದ್ದ ಪಾಪ."

ನಾನು ಕಪಾಟಿನ ಮರೆಯಿಂದ ಈಚೆ ಬಂದೆ. ಯಶೋಧರಾ ತಲೆ ತಗ್ಗಿಸಿದಳು. ನಗು ತಡೆಯಲಿಕ್ಕೋ ಮತ್ತೇನಕ್ಕೋ ತಿಳಿಯಲಿಲ್ಲ. ದಾವಲಸಾಬ ಗಂಭೀರವಾಗಿ ಗೋಣು ಹಾಕಿದ.

"ಛಲೋ ಆತು ನೋಡ್ರಿ!" ಎಂದು ತಂಗಿಯ ಗಂಡ ನನ್ನ ಹೆಗಲ ಮೇಲೆ ಕೈ ಹಾಕಿದರು. "ನಮ್ಮ ಟ್ರ್ಯಾಕ್ಟರಿನ ಬ್ರೇಕ್ ಹೋಗಿ ಎಂಟು ದಿನಾ ಆತು. ಊಟಕ್ಕ ಇನ್ನಾ ತಾಸು ಅದ. ಬರ್ರಿ, ಜರಾ ನೋಡಿಬಿಡ್ರಿ."

ನಿಜ ಹೇಳಲು ಬಾಯಿ ತೆರೆದೆ. ಅತ್ತೆ ತಂಗಿಯ ಕೈ ಹಿಡಿದು ನನ್ನನ್ನೇ ಹೆಮ್ಮೆಯಿಂದ ನೋಡುತ್ತಿದ್ದರು. ದಾವಲಸಾಬನ ಕಡೆ ನೋಡಿದೆ. ಆ ಮಹಾನುಭಾವ ಆಗಲೇ ಪೆಂಡಾಲಿನ ನೆರಳಲ್ಲಿ ಕಾಲು ಚಾಚಿ, ಎರಡನೆಯ ಗ್ಲಾಸು ಮಜ್ಜಿಗೆಗೆ ಕೈ ನೀಡಿದ್ದ.

ಹೊಸ ಬಿಳಿ ಅಂಗಿಯ ತೋಳು ಮಡಚಿದೆ.

"ಟ್ರ್ಯಾಕ್ಟರ್ ಎಲ್ಲದರಿ?" ಎಂದೆ.