ಲೋಕಲ್ ನಾಯಿ, ಪರಸ್ಥಳದ ಮಾಲೀಕ

ಮುಧೋಳ ನಾಯಿ ಸಾಕಿದವನು ಅವಮಾನವನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಲಿಫ್ಟಿನ ಬಾಗಿಲು ತೆರೆದರೆ ಸಾಕು, ಒಳಗೆ ಒಂದು ನಿಂತಿರುತ್ತದೆ. ನಾವಿರುವುದು ತೆಲಂಗಾಣದ ಮಣಿಕೊಂಡದಲ್ಲಿ, ಬಾಡಿಗೆ ಫ್ಲಾಟಿನಲ್ಲಿ. ನನ್ನ ಹೆಂಡತಿಯ ತವರು ಬಾಗಲಕೋಟೆ ಕಡೆಯ ಮುಧೋಳ. ನಾಯಿಯ ತವರೂ ಅದೇ. ಅಪಾರ್ಟ್‌ಮೆಂಟಿನ ನಿಯಮ: ಜಾತಿ ನಾಯಿಗೆ ಪ್ರವೇಶವಿದೆ, ಬೀದಿ ನಾಯಿಗೆ ಇಲ್ಲ. ವಿದ್ಯಾವಂತರೇ ಮಾಡಿದ ನಿಯಮ.

ಪಕ್ಕೆಲುಬು

ಈ ತಳಿಯ ರೂಪವೇ ಹಾಗೆ. ಉದ್ದ ಮೂತಿ, ಕಡ್ಡಿ ಕಾಲು, ಬೆನ್ನಿಗಂಟಿದ ಹೊಟ್ಟೆ, ಎಣಿಸಲು ಅನುಕೂಲವಾಗುವಂತೆ ಪಕ್ಕೆಲುಬು. ಓಡುವುದಕ್ಕೆ ಹುಟ್ಟಿದ ಪ್ರಾಣಿ. ನಮ್ಮದು ನನಗಿಂತ ಹೆಚ್ಚು ತಿನ್ನುತ್ತದೆ. ಇದನ್ನು ಯಾರೂ ನಂಬುವುದಿಲ್ಲ.

"ಸರ್, ಹೊಟ್ಟಿಗಿ ಏನರೆ ಹಾಕ್ತೀರೋ ಇಲ್ಲೋ?" ಎಂದು ಯಾದಗಿರಿಯ ವಾಚ್‌ಮನ್ ಕೇಳಿದ. ಎದುರು ಮನೆಯ ಆಂಟಿ ಕೇಳಲೇ ಇಲ್ಲ. ಒಂದು ಬಟ್ಟಲು ಮೊಸರನ್ನ ತಂದು ಅದರ ಮುಂದಿಟ್ಟರು. ನಾಯಿ ಒಮ್ಮೆ ಮೂಸಿ ಮುಖ ತಿರುಗಿಸಿತು. ಅಪರಿಚಿತರ ಕೈಯಿಂದ ತಿನ್ನುವುದು ಅದರ ಅಂತಸ್ತಿಗೆ ಕಡಿಮೆ.

ಆಂಟಿ ಕಣ್ಣೊರೆಸಿಕೊಂಡರು. "ಅಯ್ಯೋ, ಉಪವಾಸ ಬಿದ್ದೂ ಬಿದ್ದೂ ತಿನ್ನುವುದನ್ನೇ ಮರೆತಿದೆ!"

ಚೆಂಡು

ಮೇಲಿನ ಮಹಡಿಯವರ ಹತ್ತಿರ ಒಂದು ಲ್ಯಾಬ್ರಡಾರ್ ಇದೆ. ಸೋಫಾದಂತಿದೆ. ಕಂಡವರಿಗೆಲ್ಲ ಕೈ ಕೊಡುತ್ತದೆ. ನಮ್ಮದು ಕೈ ಕೊಡುವುದಿಲ್ಲ, ಬಾಲ ಆಡಿಸುವುದಿಲ್ಲ, ತಲೆ ಸವರಲು ಬಂದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ.

"ಟ್ರೇನಿಂಗ್ ಸಾಲದು" ಎಂದು ಅವರು ಚೆಂಡು ಎಸೆದರು. ನಾಯಿ ಚೆಂಡನ್ನು ನೋಡಿತು. ಆಮೇಲೆ ಅವರನ್ನು ನೋಡಿತು. ಆಮೇಲೆ ಎರಡನ್ನೂ ಬಿಟ್ಟಿತು.

"ಬುದ್ಧಿಯಿಲ್ಲ" ಎಂದರು.

ಹೆಂಡತಿಗೆ ತವರಿನ ಮಾನದ ಪ್ರಶ್ನೆ. "ಬುದ್ಧಿ ಭಾಳ ಐತ್ರಿ. ಬೇಕಾದಾವ್ರು ಹೋಗಿ ತರಲಿ ಅನ್ನಾಕತ್ತೈತಿ."

ಚೆಂಡನ್ನು ಕೊನೆಗೆ ಅವರೇ ತಂದರು. ಛಲ ಬಿಡದೆ ಮತ್ತೆ ಎಸೆದು, ಮತ್ತೆ ತಂದರು. ಟ್ರೇನಿಂಗ್ ಚೆನ್ನಾಗಿಯೇ ನಡೆಯಿತು.

ಬೇಟೆ

ಚೆಂಡಿಗೆ ಏಳದ ನಾಯಿ ಗಾಳಿಯಲ್ಲಿ ಹಾರುವ ಪ್ಲಾಸ್ಟಿಕ್ ಚೀಲಕ್ಕೆ ಎದ್ದಿತು. ಕಣ್ಣಿಗೆ ಬಿದ್ದದ್ದು ಓಡಿದರೆ ತಾನೂ ಓಡುವುದು ಅದರ ರಕ್ತದಲ್ಲಿದೆ. ಬೆಲ್ಟು ನನ್ನ ಕೈಯಿಂದ ಜಾರಿತು. ದುರದೃಷ್ಟಕ್ಕೆ ನಾಯಿಗೂ ಚೀಲಕ್ಕೂ ನಡುವೆ ಅಸೋಸಿಯೇಷನ್ ಕಾರ್ಯದರ್ಶಿ ಜಾಗಿಂಗ್ ಮಾಡುತ್ತಿದ್ದರು. ಬೇಟೆ ತಾನೇ ಎಂದು ಅವರು ತೀರ್ಮಾನಿಸಿದರು. ನಾಯಿ ಅವರನ್ನು ಗಮನಿಸದೆ ದಾಟಿ ಹೋದ ಮೇಲೂ ಓಡುತ್ತಲೇ ಇದ್ದು, ಯಾರದೋ ಕಾರಿನ ಬಾನೆಟ್ ಹತ್ತಿ ನಿಂತರು.

ಬೀದಿ ನಾಯಿಯೊಂದು ದಾಳಿ ಮಾಡಿತು, ಅದನ್ನು ಕೂಡಲೇ ಹೊರಹಾಕಬೇಕು ಎಂದು ದೂರು ಕೊಟ್ಟರು. ಆ ಬೆಳಿಗ್ಗೆ ಅವರ ಸ್ಮಾರ್ಟ್‌ವಾಚು ಓಟದ ಹೊಸ ದಾಖಲೆಗಾಗಿ ಅವರನ್ನು ಅಭಿನಂದಿಸಿದ್ದನ್ನು ದೂರಿನಲ್ಲಿ ಹೇಳಿರಲಿಲ್ಲ.

ತವರು

ಕೆಳಗೆ ಕಾರು ನಿಲ್ಲಿಸುವ ಸೆಲ್ಲಾರಿನಲ್ಲಿ ಮೀಟಿಂಗು ಸೇರಿತು. ನಾಯಿಯೂ ಹಾಜರು. ಹೆಂಡತಿ ಅದರ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಬೀದಿ ನಾಯಿ ಎಂದು ತೀರ್ಮಾನವಾದರೆ ಸಂಜೆಯೊಳಗೆ ಅದು ಹೊರಗೆ.

"ಯಾವ ಜಾತಿ?" ಎಂದರು ಅಧ್ಯಕ್ಷರು ತೆಲುಗಿನಲ್ಲಿ.

"ಮುಧೋಳ, ಸರ್."

ಅಧ್ಯಕ್ಷರು ಕುರ್ಚಿಯಿಂದ ಎದ್ದೇಬಿಟ್ಟರು. "ಮುಧೋಲ್? ಮನ ಮುಧೋಲಾ, ನಮ್ಮದೇ ಮುಧೋಲಾ? ನಿರ್ಮಲ್ ಹತ್ತಿರದ್ದು? ಅದು ನನ್ನ ಹುಟ್ಟೂರು ಕಣ್ರೀ!"

ತೆಲಂಗಾಣದಲ್ಲೂ ಅದೇ ಹೆಸರಿನ ಊರೊಂದಿದೆ. ನಾಯಿಗೂ ಅದಕ್ಕೂ ಸಂಬಂಧವಿಲ್ಲ. "ಅಲ್ಲ ಸರ್, ಇದು ಕರ್ನಾಟಕದ..." ಎಂದು ಬಾಯಿ ತೆರೆದೆ. ಹೆಂಡತಿಯ ಹಿಮ್ಮಡಿ ನನ್ನ ಪಾದದ ಮೇಲೆ ಇಳಿಯಿತು.

"ಸುಮ್ನಿರ್ರಿ" ಎಂದಳು ಹಲ್ಲು ಕಚ್ಚಿ. "ತವರು ನಂದು. ನಾನಽ ಬಿಟ್ಟುಕೊಡಾಕತ್ತೀನಿ, ನಿಮಗೇನು?"

ಸತ್ಯದ ಬಗ್ಗೆ ನನಗಿದ್ದ ಗೌರವ ಒಂದು ಹಿಮ್ಮಡಿಯ ಭಾರವನ್ನೂ ತಾಳಲಿಲ್ಲ.

ಅಧ್ಯಕ್ಷರು ಭಾಷಣಕ್ಕೇ ಇಳಿದರು. ತೆಲಂಗಾಣದ ಮಣ್ಣು, ದೊರೆಗಳ ಬೇಟೆ, ನಮ್ಮ ನಾಯಿಯ ಶೌರ್ಯ. ಕಾರ್ಯದರ್ಶಿಯೂ ಚಪ್ಪಾಳೆ ತಟ್ಟಿದರು. ತಲೆ ಸವರಲು ಅಧ್ಯಕ್ಷರು ಕೈ ಚಾಚಿದಾಗ ನಾಯಿ ಎಂದಿನಂತೆ ಮುಖ ತಿರುಗಿಸಿತು.

"ನೋಡಿದಿರಾ?" ಎಂದರು ಅವರು ಗದ್ಗದಿತರಾಗಿ. "ಇದು ಆತ್ಮಗೌರವ!"

ನಾಯಿ ಉಳಿಯಿತು. ಹೆಂಡತಿ ಬೆಲ್ಟು ಸಡಿಲಿಸಿದಳು. ನಾವು ಏಳುತ್ತಿದ್ದಾಗ ಕಾರ್ಯದರ್ಶಿ ನನ್ನನ್ನು ಕೇಳಿದರು: "ಅಂದಹಾಗೆ, ನಿಮ್ಮದು ಯಾವ ಊರು?"

ಸುಳ್ಳಿನ ಕೋಟಾ ಆ ದಿನಕ್ಕೆ ಮುಗಿದಿತ್ತು. "ಬಾಗಲಕೋಟೆ. ಕರ್ನಾಟಕ" ಎಂದೆ.

ಅಧ್ಯಕ್ಷರು ನನ್ನನ್ನು ನೋಡಿದರು. ನಾಯಿಯ ಪಕ್ಕೆಲುಬುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಸಭೆಯತ್ತ ತಿರುಗಿದರು.

"ಅದಕ್ಕೇ ಮತ್ತೆ! ಹೊರಗಿನವರ ಕೈಗೆ ಸಿಕ್ಕು ನಮ್ಮ ನಾಯಿ ಹೇಗೆ ಬಡಕಲಾಗಿದೆ ನೋಡಿ!"